ವೆಂಡೆಲ್ ಸ್ಕಾಟ್: ಪದೇ ಪದೇ ಕೇಳುವ ಪ್ರಶ್ನೆಗಳು

ವೆಂಡೆಲ್ ಸ್ಕಾಟ್ ಬಗ್ಗೆ ಮಾತೆತ್ತಿದಾಗಲೆಲ್ಲ ಹೆಚ್ಚು ಕಡಿಮೆ ಇವೇ ಪ್ರಶ್ನೆಗಳು ಬರುತ್ತವೆ. ಒಂದೇ ಒಂದು ದೊಡ್ಡ ರೇಸ್ ಗೆದ್ದವರ ಬಗ್ಗೆ ಇಷ್ಟೊಂದು ಹೇಳೋಕೆ ಏನಿದೆ ಅಂತಲೂ ಕೇಳುತ್ತಾರೆ. ಬಹಳ ಇದೆ. ಆ ಒಂದು ಗೆಲುವನ್ನೂ ಅವರ ಕಣ್ಣೆದುರೇ ಬೇರೆಯವರ ಕೈಗೆ ಕೊಟ್ಟಿದ್ದರು. ಅದಕ್ಕೇ ಅವರ ಬದುಕಿನ ಲೆಕ್ಕವನ್ನು ಒಮ್ಮೆ ಸರಿಯಾಗಿ ಕೂತು ಎಣಿಸಬೇಕು ಅಂತ ನನಗೆ ಅನಿಸುತ್ತದೆ.

ವೆಂಡೆಲ್ ಸ್ಕಾಟ್ ಯಾರು?

ಅಮೆರಿಕದ ವರ್ಜೀನಿಯಾ ರಾಜ್ಯದ ಡ್ಯಾನ್‌ವಿಲ್ ಊರಿನ ಒಬ್ಬ ಮೆಕ್ಯಾನಿಕ್, ರೇಸ್ ಕಾರ್ ಚಾಲಕ. ನಾಸ್ಕಾರ್ ಸಂಸ್ಥೆ ನಡೆಸುವ ಸ್ಟಾಕ್ ಕಾರ್ ರೇಸುಗಳ ಅತಿ ಮೇಲಿನ ಹಂತದಲ್ಲಿ ಗೆದ್ದ ಮೊದಲ ಕಪ್ಪು ಚಾಲಕ ಅವರು. ಗೆದ್ದದ್ದು 1963ರ ಡಿಸೆಂಬರ್ 1ರಂದು. 1961ರಿಂದ 1973ರವರೆಗೆ ಆ ಹಂತದಲ್ಲಿ 495 ರೇಸುಗಳಲ್ಲಿ ಓಡಿದರು. ಕಾರಿನ ಎಂಜಿನ್ ಬಿಚ್ಚಿ ಜೋಡಿಸಿದ್ದೂ ಅವರೇ, ಕಾರನ್ನು ನೂರಾರು ಮೈಲಿ ಎಳೆದುಕೊಂಡು ಹೋದದ್ದೂ ಅವರೇ, ಟ್ರ್ಯಾಕಿನಲ್ಲಿ ಓಡಿಸಿದ್ದೂ ಅವರೇ.

ಸ್ಟಾಕ್ ಕಾರ್ ರೇಸ್ ಅಂದರೆ ಏನು? ಫಾರ್ಮುಲಾ ಒನ್ ಥರಾನಾ?

ಅಲ್ಲ. ಫಾರ್ಮುಲಾ ಒನ್ ಕಾರನ್ನು ರೇಸಿಗೆಂದೇ ಕಟ್ಟುತ್ತಾರೆ. ಸ್ಟಾಕ್ ಕಾರ್ ಅಂದರೆ ಮೂಲದಲ್ಲಿ ಶೋರೂಮಿನಲ್ಲಿ ಸಿಗುವ ಕಾರೇ. ಅದರ ಎಂಜಿನ್ ಮೇಲೆ ಕೆಲಸ ಮಾಡಿ, ಪಲ್ಟಿ ಹೊಡೆದರೆ ಚಾಲಕ ಉಳಿಯಲಿ ಅಂತ ಒಳಗೆ ಉಕ್ಕಿನ ಕೊಳವೆಗಳನ್ನು ಕೂರಿಸಿ ಟ್ರ್ಯಾಕಿಗೆ ಇಳಿಸುತ್ತಿದ್ದರು. ಸ್ಕಾಟ್ ಕಾಲದಲ್ಲಿ ರೇಸ್ ಕಾರನ್ನು ಹೊರಗಿಂದ ನೋಡಿದರೆ ಬೀದಿಯಲ್ಲಿ ಓಡಾಡುವ ಫೋರ್ಡ್, ಷೆವರ್ಲೆ ಕಾರಿನಂತೆಯೇ ಕಾಣುತ್ತಿತ್ತು. ಎಷ್ಟೋ ಟ್ರ್ಯಾಕುಗಳು ಅರ್ಧ ಮೈಲಿ ಸುತ್ತಳತೆಯ ಮಣ್ಣಿನ ದಾರಿಗಳು. ಅಂದರೆ ಒಂದು ಸುತ್ತಿಗೆ ಸುಮಾರು 800 ಮೀಟರ್. ಅದರಲ್ಲೇ ಇನ್ನೂರು ಸುತ್ತು.

ನಾಸ್ಕಾರ್ ಹುಟ್ಟಿದ್ದು 1948ರಲ್ಲಿ, ಫ್ಲೋರಿಡಾದ ಡೇಟೋನಾ ಬೀಚ್‌ನಲ್ಲಿ. ಕಟ್ಟಿದವರು ಬಿಲ್ ಫ್ರಾನ್ಸ್. ಮೇಲಿನ ಹಂತಕ್ಕೆ ಆಗ ಗ್ರ್ಯಾಂಡ್ ನ್ಯಾಷನಲ್ ಅನ್ನುತ್ತಿದ್ದರು, ಈಗ ಕಪ್ ಸೀರೀಸ್ ಅನ್ನುತ್ತಾರೆ. ಆಗ ರೇಸುಗಳೂ ಜಾಸ್ತಿ. 1964ರ ಸೀಸನ್ ಒಂದರಲ್ಲೇ 62 ರೇಸುಗಳಿದ್ದವು. ವಾರಕ್ಕೆ ಎರಡು ಊರು ಸುತ್ತಬೇಕಾದ ದಿನಗಳೂ ಇದ್ದವು.

ಹುಟ್ಟಿ ಬೆಳೆದದ್ದು ಎಂಥ ಊರಿನಲ್ಲಿ?

1921ರ ಆಗಸ್ಟ್ 29ರಂದು ಡ್ಯಾನ್‌ವಿಲ್‌ನಲ್ಲಿ ಹುಟ್ಟಿದರು. ಹತ್ತಿಯ ಗಿರಣಿ, ಹೊಗೆಸೊಪ್ಪಿನ ಕಾರ್ಖಾನೆಗಳ ಊರದು. ಅಲ್ಲಿ ಕಪ್ಪು ಜನಕ್ಕೆ ಸಿಗುತ್ತಿದ್ದದ್ದು ಅಂಥ ಜಾಗಗಳಲ್ಲಿ ಕಡಿಮೆ ಕೂಲಿಯ, ಮೈಮುರಿಯುವ ಕೆಲಸ. ಯಾರದೋ ಕೈಕೆಳಗೆ ದಿನವಿಡೀ ಬಗ್ಗಿ ದುಡಿಯುವ ಬದುಕು ನನಗೆ ಬೇಡ ಅಂತ ಸ್ಕಾಟ್ ಚಿಕ್ಕವರಿದ್ದಾಗಲೇ ತೀರ್ಮಾನ ಮಾಡಿದ್ದರು. ಅವರ ಮುಂದಿನ ಬದುಕನ್ನೆಲ್ಲ ಈ ಒಂದು ಹಟದಿಂದ ಅರ್ಥ ಮಾಡಿಕೊಳ್ಳಬಹುದು.

ಅಪ್ಪ ಕಾರು ಓಡಿಸುವ, ರಿಪೇರಿ ಮಾಡುವ ಕೆಲಸದಲ್ಲಿದ್ದರು. ಮಗನಿಗೂ ಅದೇ ಹಿಡಿಸಿತು. ಹುಡುಗನಾಗಿದ್ದಾಗ ಬಿಳಿ ಹುಡುಗರ ಜೊತೆ ಸೈಕಲ್ ರೇಸಿಗೆ ಬೀಳುತ್ತಿದ್ದರು. ಊರಿನ ಏರು ರಸ್ತೆಗಳಲ್ಲಿ ರೋಲರ್ ಸ್ಕೇಟ್ ಕಟ್ಟಿಕೊಂಡು ಇಳಿಯುತ್ತಿದ್ದರು. ದೊಡ್ಡವರಾದ ಮೇಲೆ ಟ್ಯಾಕ್ಸಿ ಓಡಿಸಿದರು. 1943ರಲ್ಲಿ ಮೇರಿ ಅವರನ್ನು ಮದುವೆಯಾದರು. ಮುಂದೆ ಏಳು ಮಕ್ಕಳಾದರು.

ಸೈನ್ಯದಲ್ಲೂ ಇದ್ದರಾ?

ಇದ್ದರು. ಎರಡನೇ ಮಹಾಯುದ್ಧದಲ್ಲಿ ಯುರೋಪಿನಲ್ಲಿ ಸೈನ್ಯದ ವಾಹನಗಳ ಮೆಕ್ಯಾನಿಕ್ ಆಗಿ ಕೆಲಸ ಮಾಡಿದರು. ಆಗ ಅಮೆರಿಕದ ಸೈನ್ಯದಲ್ಲೂ ಕಪ್ಪು ಸೈನಿಕರದ್ದೇ ಬೇರೆ ತುಕಡಿ, ಬಿಳಿಯರದ್ದೇ ಬೇರೆ. ಯುದ್ಧ ಮುಗಿಸಿ ಬಂದು ಡ್ಯಾನ್‌ವಿಲ್‌ನಲ್ಲಿ ಸ್ವಂತ ಗ್ಯಾರೇಜ್ ತೆರೆದರು.

ಕಳ್ಳಭಟ್ಟಿ ಸಾಗಿಸುತ್ತಿದ್ದರು ಅಂತಾರೆ. ನಿಜವೇ?

ನಿಜ. ಅವರು ಅದನ್ನು ಮುಚ್ಚಿಟ್ಟವರೂ ಅಲ್ಲ. ಗ್ಯಾರೇಜಿನ ಸಂಪಾದನೆ ದೊಡ್ಡ ಸಂಸಾರಕ್ಕೆ ಸಾಲುತ್ತಿರಲಿಲ್ಲ. ರಾತ್ರಿ ಹೊತ್ತು ಕಾರಿನಲ್ಲಿ ಕಳ್ಳಭಟ್ಟಿ ತುಂಬಿಕೊಂಡು ಊರಿಂದ ಊರಿಗೆ ಮುಟ್ಟಿಸುತ್ತಿದ್ದರು. ಇದು ಅವರೊಬ್ಬರ ಕಥೆಯಲ್ಲ. ಅಮೆರಿಕದ ದಕ್ಷಿಣದ ಆ ಕಾಲದ ಎಷ್ಟೋ ಹೆಸರಾಂತ ರೇಸ್ ಚಾಲಕರು ಕಲಿತದ್ದು ಇದೇ ಶಾಲೆಯಲ್ಲಿ. ಪೊಲೀಸರ ಕಾರಿಗಿಂತ ನಮ್ಮ ಕಾರು ಜೋರಾಗಿ ಓಡಬೇಕು, ದೀಪ ಆರಿಸಿದರೂ ತಿರುವು ಗೊತ್ತಿರಬೇಕು, ಹಿಂದಿನ ಸೀಟಿನ ತುಂಬ ಭಾರ ಇದ್ದರೂ ಕಾರು ಅಡ್ಡ ಬೀಳಬಾರದು. ರೇಸಿಗೆ ಬೇಕಾದದ್ದೂ ಅದೇ ವಿದ್ಯೆ ಅಲ್ವಾ?

ಪೊಲೀಸರ ಕೈಗೆ ಸಿಕ್ಕಿದ್ದು ಒಂದೇ ಸಲ, 1949ರಲ್ಲಿ. ಜೈಲಿಗೆ ಹಾಕಲಿಲ್ಲ. ಮೂರು ವರ್ಷ ನಡತೆ ನೋಡುತ್ತೇವೆ ಅಂತ ಷರತ್ತು ಹಾಕಿ ಬಿಟ್ಟರು. ಆಮೇಲೂ ಅವರು ಆ ಕೆಲಸ ಬಿಡಲಿಲ್ಲ.

ಹಾಗಾದರೆ ರೇಸಿಗೆ ಹೇಗೆ ಬಂದರು?

ಇದಕ್ಕೆ ಪೊಲೀಸರೇ ಕಾರಣ!

ವಾರದ ಕೊನೆಯಲ್ಲಿ ಸ್ಕಾಟ್ ಊರಿನ ರೇಸ್ ನೋಡಲು ಹೋಗುತ್ತಿದ್ದರು. ಕಪ್ಪು ಜನಕ್ಕೆ ಅಂತಲೇ ಬೇರೆ ಮಾಡಿಟ್ಟ ಜಾಗದಲ್ಲಿ ಕೂತು, ನಾನೂ ಓಡಿಸಬಹುದಿತ್ತು ಅಂತ ಆಸೆಪಡುತ್ತಿದ್ದರು. ಆ ಭಾಗದಲ್ಲಿ ಡಿಕ್ಸಿ ಸರ್ಕ್ಯೂಟ್ ಅಂತ ಒಂದು ಸಣ್ಣ ರೇಸ್ ಸಂಘಟನೆ ಇತ್ತು, ನಾಸ್ಕಾರ್‌ಗೆ ಪೈಪೋಟಿ ಕೊಡುತ್ತಿದ್ದದ್ದು. ಡ್ಯಾನ್‌ವಿಲ್‌ನಲ್ಲಿ ಅವರ ರೇಸಿಗೆ ಜನ ಸೇರುತ್ತಿರಲಿಲ್ಲ. ಒಬ್ಬ ಕಪ್ಪು ಚಾಲಕನನ್ನು ಬಿಳಿಯರ ಎದುರು ಓಡಿಸಿದರೆ ಟಿಕೆಟ್ ಹೋಗುತ್ತದೆ ಅಂತ ಅವರಿಗೆ ಹೊಳೆಯಿತು. ಊರಿನಲ್ಲಿ ಅತಿ ಜೋರಾಗಿ ಕಾರು ಓಡಿಸುವ ಕಪ್ಪು ಮನುಷ್ಯ ಯಾರು ಅಂತ ಹೋಗಿ ಪೊಲೀಸರನ್ನೇ ಕೇಳಿದರು. ಪೊಲೀಸರು ತಡಮಾಡದೆ ಸ್ಕಾಟ್ ಹೆಸರು ಹೇಳಿದರು. ಎಷ್ಟು ಸಲ ಬೆನ್ನಟ್ಟಿದ್ದರೋ!

1952ರ ಮೇ 23ರಂದು, ಡ್ಯಾನ್‌ವಿಲ್ ಫೇರ್‌ಗ್ರೌಂಡ್ಸ್ ಟ್ರ್ಯಾಕಿನಲ್ಲಿ ಮೊದಲ ರೇಸ್. ಭಟ್ಟಿ ಸಾಗಿಸುತ್ತಿದ್ದ ಹಳೆಯ ಕಾರುಗಳಲ್ಲೇ ಒಂದನ್ನು ತಂದಿದ್ದರು. ನೋಡಲು ಬಂದವರಲ್ಲಿ ಕೆಲವರು ಕೂಗಿ ಹೀಯಾಳಿಸಿದರು. ಕಾರು ಕೆಟ್ಟು ನಿಂತಿತು. ಆದರೆ ಅಷ್ಟರಲ್ಲಿ ಸ್ಕಾಟ್ ಅವರಿಗೆ ಗೊತ್ತಾಗಿತ್ತು, ತಾನು ಮಾಡಬೇಕಾದ ಕೆಲಸ ಇದೇ ಅಂತ. ಆಗ ಅವರಿಗೆ ಮೂವತ್ತು ವರ್ಷ ದಾಟಿತ್ತು. ಇದನ್ನು ನೆನಪಿಟ್ಟುಕೊಳ್ಳಿ. ಎಷ್ಟೋ ಚಾಲಕರು ಆ ವಯಸ್ಸಿಗೆ ಅರ್ಧ ದಾರಿ ಮುಗಿಸಿರುತ್ತಾರೆ.

ನಾಸ್ಕಾರ್ ಅವರನ್ನು ಸುಮ್ನೆ ಸೇರಿಸಿಕೊಂಡಿತಾ?

ಇಲ್ಲ. ಕಾರು ರಿಪೇರಿ ಮಾಡಿಕೊಂಡು ನಾರ್ತ್ ಕ್ಯಾರೊಲಿನಾದ ವಿನ್‌ಸ್ಟನ್-ಸೇಲಂನಲ್ಲಿ ನಡೆಯುತ್ತಿದ್ದ ನಾಸ್ಕಾರ್ ರೇಸಿಗೆ ಎಳೆದುಕೊಂಡು ಹೋದರು. ಬಾಗಿಲಲ್ಲೇ ವಾಪಸ್ ಕಳಿಸಿದರು. ಮತ್ತೊಂದು ಊರಿಗೆ ಹೋದರು, ಅಲ್ಲೂ ಅದೇ ಮಾತು. ಬಿಳಿ ಹುಡುಗನೊಬ್ಬನನ್ನು ಕೂರಿಸಿ ಓಡಿಸಿ, ನೀನು ಬೇಡ ಅಂದರು. ಸ್ಕಾಟ್ ಒಪ್ಪಲಿಲ್ಲ. ಮನೆಗೆ ಬರುವ ದಾರಿಯಲ್ಲಿ ಕಣ್ಣೀರು ಹಾಕಿದ್ದಾಗಿ ಆಮೇಲೆ ಹೇಳಿಕೊಂಡಿದ್ದಾರೆ.

ಅದಕ್ಕೇ ಮೊದಲು ನಾಸ್ಕಾರ್‌ಗೆ ಸೇರದ ಸಣ್ಣ ಟ್ರ್ಯಾಕುಗಳನ್ನು ಹಿಡಿದರು. ಮೊದಲ ರೇಸ್ ಆದ ಹನ್ನೆರಡೇ ದಿನಕ್ಕೆ ಲಿಂಚ್‌ಬರ್ಗ್‌ನಲ್ಲಿ ಒಂದು ಸಣ್ಣ ರೇಸ್ ಗೆದ್ದರು. ವಾರಕ್ಕೆ ನಾಲ್ಕೈದು ಸಲ ಓಡಿಸಲು ಶುರು ಮಾಡಿದರು. ಆಮೇಲೆ ಒಂದು ದಿನ ರಿಚ್ಮಂಡ್‌ನ ಟ್ರ್ಯಾಕಿಗೆ ಹೋಗಿ ಮೈಕ್ ಪೋಸ್ಟನ್ ಎಂಬ ಅಧಿಕಾರಿಯ ಹತ್ತಿರ ಲೈಸೆನ್ಸ್ ಕೇಳಿದರು. ಪೋಸ್ಟನ್ ನಾಸ್ಕಾರ್‌ನಲ್ಲಿ ದೊಡ್ಡ ಕುಳ ಏನಲ್ಲ, ಬಿಡುವಿನಲ್ಲಿ ಈ ಕೆಲಸ ಮಾಡುತ್ತಿದ್ದವರು. ಆದರೆ ಲೈಸೆನ್ಸ್ ಕೊಡುವ ಅಧಿಕಾರ ಇತ್ತು. ನಮ್ಮಲ್ಲಿ ಕಪ್ಪು ಚಾಲಕರು ಇದ್ದದ್ದೇ ಇಲ್ಲ, ನಿನ್ನ ಕಾರಿಗೆ ಗುದ್ದಿ ಗುದ್ದಿ ಹಾಕುತ್ತಾರೆ, ಗೊತ್ತಾ ಅಂತ ಕೇಳಿದರು. ತಡೆದುಕೊಳ್ಳುತ್ತೇನೆ ಅಂದರು ಸ್ಕಾಟ್. ಪೋಸ್ಟನ್ ಸಹಿ ಹಾಕಿಯೇಬಿಟ್ಟರು. ಮುಖ್ಯ ಕಚೇರಿಯವರಿಗೆ ಇದು ಹಿಡಿಸಲಿಲ್ಲ ಅನ್ನೋದು ಆಮೇಲೆ ತಿಳಿಯಿತು. ಈ ಕಥೆಯಲ್ಲಿ ಪೋಸ್ಟನ್ ಬಂದು ಹೋಗುವುದು ಒಂದೇ ನಿಮಿಷ. ಆದರೂ ನನಗೆ ಅವರ ಮೇಲೆ ಬಹಳ ಗೌರವ.

ಬಿಲ್ ಫ್ರಾನ್ಸ್ ಸ್ಕಾಟ್ ಪರವಾಗಿ ನಿಂತರು ಅಂತಾರಲ್ಲ?

ಅರ್ಧ ನಿಜ. 1954ರಲ್ಲಿ ಒಬ್ಬ ಆಯೋಜಕ ಬಿಳಿ ಚಾಲಕರಿಗೆಲ್ಲ ಪೆಟ್ರೋಲ್ ಖರ್ಚು ಕೊಟ್ಟು ಸ್ಕಾಟ್ ಒಬ್ಬರಿಗೆ ಕೊಡಲಿಲ್ಲ. ಮರುದಿನ ಸ್ಕಾಟ್ ಬಿಲ್ ಫ್ರಾನ್ಸ್ ಎದುರು ಹೋಗಿ ಹೇಳಿಕೊಂಡರು. ಫ್ರಾನ್ಸ್ ಜೇಬಿನಿಂದ 30 ಡಾಲರ್ ತೆಗೆದು ಕೊಟ್ಟು, ನೀನು ನಾಸ್ಕಾರ್ ಸದಸ್ಯ, ನಿನ್ನನ್ನು ಹಾಗೇ ನಡೆಸಿಕೊಳ್ಳುತ್ತೇವೆ ಅಂತ ಮಾತು ಕೊಟ್ಟರು. ಮಾತು ಒಳ್ಳೆಯದೇ. ಆದರೆ ಸೌತ್ ಕ್ಯಾರೊಲಿನಾದ ಡಾರ್ಲಿಂಗ್ಟನ್ ಟ್ರ್ಯಾಕಿನವರು ಮುಂದೆ ಹಲವು ವರ್ಷ ಸ್ಕಾಟ್ ಅವರನ್ನು ಒಳಗೇ ಬಿಡಲಿಲ್ಲ. ಅದು ಆಗಿನ ಅತಿ ದೊಡ್ಡ ರೇಸುಗಳಲ್ಲಿ ಒಂದು ನಡೆಯುತ್ತಿದ್ದ ಜಾಗ. ಸದಸ್ಯತ್ವದ ಕಾರ್ಡ್ ಜೇಬಿನಲ್ಲಿದ್ದು ಗೇಟ್ ಮುಚ್ಚಿದ್ದರೆ ಆ ಕಾರ್ಡಿನಿಂದ ಏನು ಪ್ರಯೋಜನ?

ಬಣ್ಣದ ಕಾರಣಕ್ಕೆ ದಿನನಿತ್ಯ ಏನೇನು ಎದುರಿಸಿದರು?

ದೊಡ್ಡ ಅವಮಾನಗಳನ್ನು ಎಲ್ಲರೂ ಬರೆಯುತ್ತಾರೆ. ನನಗೆ ಜಾಸ್ತಿ ಕಾಡುವುದು ಸಣ್ಣವು.

ರೇಸಿಗೆ ಹೊರಟರೆ ರಾತ್ರಿ ಉಳಿಯಲು ಹೋಟೆಲ್ ಕೊಡುತ್ತಿರಲಿಲ್ಲ. ಹಾಗಾಗಿ ಗಾಡಿಯಲ್ಲೇ ನಿದ್ದೆ. ದಾರಿಯ ಊಟದ ಹೋಟೆಲುಗಳಲ್ಲಿ ಒಳಗೆ ಕೂರಿಸುತ್ತಿರಲಿಲ್ಲ. ಹಾಗಾಗಿ ಮನೆಯಿಂದ ಬುತ್ತಿ. ಶೌಚಾಲಯಕ್ಕೂ ಬೇರೆ ಬಾಗಿಲು, ಇಲ್ಲವೇ ಬಾಗಿಲೇ ಇಲ್ಲ. ಉಳಿದ ಚಾಲಕರು ಮಲಗಿ ಎದ್ದು ಬಿಸಿ ತಿಂಡಿ ತಿಂದು ಟ್ರ್ಯಾಕಿಗೆ ಬರುವಾಗ, ಇವರು ರಾತ್ರಿಯೆಲ್ಲ ಗಾಡಿ ಓಡಿಸಿ, ಬೆಳಗ್ಗೆ ಎಂಜಿನ್ ಕೆಳಗೆ ಮಲಗಿ ರಿಪೇರಿ ಮಾಡಿ, ಅದೇ ಕೈಯಲ್ಲಿ ಸ್ಟಿಯರಿಂಗ್ ಹಿಡಿಯುತ್ತಿದ್ದರು.

ಟ್ರ್ಯಾಕಿನಲ್ಲಿ ಕೆಲವರು ಬೇಕೆಂದೇ ಗುದ್ದುತ್ತಿದ್ದರು. ತಿರುಗಿ ಗುದ್ದುವುದು ಉಳಿದವರಿಗೆ ಸಲೀಸು. ಸ್ಕಾಟ್ ಹಾಗೆ ಮಾಡುವಂತಿರಲಿಲ್ಲ. ಜಗಳ ಎದ್ದರೆ ಸುತ್ತ ಸಾವಿರಾರು ಬಿಳಿಯರು, ಒಳಗೆ ಅವರು ಮತ್ತು ಅವರ ಮಕ್ಕಳು. ಇನ್ನೊಂದು ವಿಷಯ, ಕಾರು ನುಜ್ಜಾದರೆ ಸರಿ ಮಾಡಿಸಲು ಅವರ ಹತ್ತಿರ ದುಡ್ಡಿರಲಿಲ್ಲ. ಕೋಪ ನುಂಗುವುದೂ ಅವರ ರೇಸಿನ ಭಾಗವೇ ಆಗಿತ್ತು.

1959ರಲ್ಲಿ ಏನು ಗೆದ್ದರು?

ಎರಡು ಚಾಂಪಿಯನ್‌ಶಿಪ್. ವರ್ಜೀನಿಯಾ ರಾಜ್ಯದ ಸ್ಪೋರ್ಟ್ಸ್‌ಮನ್ ವಿಭಾಗದ್ದು ಒಂದು, ರಿಚ್ಮಂಡ್‌ನ ಸೌತ್‌ಸೈಡ್ ಸ್ಪೀಡ್‌ವೇ ಟ್ರ್ಯಾಕಿನದ್ದು ಇನ್ನೊಂದು. ಒಂದೇ ರೇಸ್ ಗೆದ್ದವರು ಅನ್ನುವವರು ಈ ವರ್ಷವನ್ನು ಮರೆತುಬಿಡುತ್ತಾರೆ. ಕೆಳಗಿನ ಹಂತಗಳಲ್ಲಿ ಅವರು ಗೆದ್ದ ರೇಸುಗಳು ಬಹಳ. ಆ ಬಲದ ಮೇಲೆಯೇ 1961ರ ಮಾರ್ಚ್ 4ರಂದು ಸೌತ್ ಕ್ಯಾರೊಲಿನಾದ ಸ್ಪಾರ್ಟನ್‌ಬರ್ಗ್‌ನಲ್ಲಿ ಗ್ರ್ಯಾಂಡ್ ನ್ಯಾಷನಲ್ ಹಂತಕ್ಕೆ ಕಾಲಿಟ್ಟರು. ಮರುವರ್ಷ ಸವಾನಾದಲ್ಲಿ ಎಲ್ಲರಿಗಿಂತ ಮುಂದಿನ ಜಾಗದಿಂದ, ಅಂದರೆ ಪೋಲ್‌ನಿಂದ, ರೇಸ್ ಶುರು ಮಾಡಿದರು.

1963ರ ಡಿಸೆಂಬರ್ 1ರಂದು ಜ್ಯಾಕ್ಸನ್‌ವಿಲ್‌ನಲ್ಲಿ ಏನಾಯಿತು?

ಆ ವರ್ಷ ಎಂಥದ್ದು ಅಂತ ಮೊದಲು ಹೇಳಬೇಕು. ಜೂನ್‌ನಲ್ಲಿ ಸ್ಕಾಟ್ ಅವರ ಸ್ವಂತ ಊರಾದ ಡ್ಯಾನ್‌ವಿಲ್‌ನಲ್ಲಿ ಸಮಾನ ಹಕ್ಕು ಕೇಳಿ ಬೀದಿಗಿಳಿದ ಜನರ ಮೇಲೆ ಪೊಲೀಸರು ಲಾಠಿ ಬೀಸಿದ್ದರು, ಪೈಪಿನಿಂದ ನೀರು ಹೊಡೆದಿದ್ದರು. ಆಗಸ್ಟ್‌ನಲ್ಲಿ ವಾಷಿಂಗ್ಟನ್‌ನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಭಾಷಣ. ನವೆಂಬರ್ 22ಕ್ಕೆ ಅಧ್ಯಕ್ಷ ಕೆನಡಿ ಕೊಲೆ. ಅದಾಗಿ ಒಂಬತ್ತು ದಿನಕ್ಕೆ, ಒಂದು ಭಾನುವಾರ, ಫ್ಲೋರಿಡಾದ ಜ್ಯಾಕ್ಸನ್‌ವಿಲ್‌ನ ಸ್ಪೀಡ್‌ವೇ ಪಾರ್ಕ್‌ನಲ್ಲಿ ಈ ರೇಸ್.

ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್. 200 ಸುತ್ತು, ಒಟ್ಟು 100 ಮೈಲಿ. ಸ್ಕಾಟ್ ಓಡಿಸಿದ್ದು ನೀಲಿ ಷೆವರ್ಲೆ ಬೆಲ್ ಏರ್. ಇನ್ನೊಬ್ಬ ಚಾಲಕ ನೆಡ್ ಜ್ಯಾರೆಟ್ ಅವರಿಂದ ಕೊಂಡ ಹಳೆಯ ಕಾರು. ಕಾರಿನ ನಂಬರ್ 34. ಇನ್ನು 25 ಸುತ್ತು ಬಾಕಿ ಇದ್ದಾಗ ರಿಚರ್ಡ್ ಪೆಟ್ಟಿ ಮುಂದಿದ್ದರು. ಅವರ ಕಾರಿಗೆ ತೊಂದರೆ ಶುರುವಾಗಿತ್ತು. ಸ್ಕಾಟ್ ಪೆಟ್ಟಿಯವರನ್ನು ದಾಟಿದರು. ಆಮೇಲೆ ಯಾರೂ ಸ್ಕಾಟ್ ಅವರನ್ನು ದಾಟಲಿಲ್ಲ.

200 ಸುತ್ತು ಮುಗಿಯಿತು. ಗೆದ್ದವರಿಗೆ ತೋರಿಸುವ ಕಪ್ಪು ಬಿಳುಪು ಚೌಕಗಳ ಬಾವುಟ ಬೀಸಲಿಲ್ಲ. ಬಾವುಟ ಕಾಣದಿದ್ದರೆ ಚಾಲಕ ಏನು ಮಾಡಬೇಕು? ಓಡಿಸುತ್ತಲೇ ಇರಬೇಕು. ಸ್ಕಾಟ್ ಇನ್ನೊಂದು ಸುತ್ತು ಹೋದರು. ಆಗಲೂ ಇಲ್ಲ. ಮತ್ತೊಂದು ಸುತ್ತು. ಒಟ್ಟು 202. ಕೊನೆಗೆ ಗೆದ್ದವರು ಬಕ್ ಬೇಕರ್ ಅಂತ ಘೋಷಿಸಿದರು. ಬೇಕರ್ ಹಿಂದೆ ಎರಡು ಸಲ ಚಾಂಪಿಯನ್ ಆಗಿದ್ದ ದೊಡ್ಡ ಚಾಲಕ. ಆದರೆ ಆ ದಿನ ಅವರು ಎರಡು ಸುತ್ತು ಹಿಂದೆ ಇದ್ದರು. ಟ್ರೋಫಿ ಅವರ ಕೈಗೆ ಹೋಯಿತು, ಫೋಟೋ ತೆಗೆದರು, ಜನ ಚಪ್ಪಾಳೆ ತಟ್ಟಿದರು.

ಸ್ಕಾಟ್ ಲೆಕ್ಕ ಮತ್ತೆ ನೋಡಿ ಅಂತ ಪಟ್ಟು ಹಿಡಿದರು. ಎರಡು ಗಂಟೆ ಹೊತ್ತಾದ ಮೇಲೆ, ಜನ ಎಲ್ಲ ಮನೆಗೆ ಹೋದ ಮೇಲೆ, ಅಧಿಕಾರಿಗಳು ಒಪ್ಪಿಕೊಂಡರು. ಎಣಿಕೆಯಲ್ಲಿ ತಪ್ಪಾಗಿದೆ, ಗೆದ್ದದ್ದು ನೀವೇ ಅಂದರು. 1000 ಡಾಲರ್ ಬಹುಮಾನದ ಹಣ ಅವರಿಗೆ ಬಂತು. ಟ್ರೋಫಿ ಆಗಲೇ ಬೇಕರ್ ಜೊತೆ ಊರು ಬಿಟ್ಟಿತ್ತು.

ಅದು ನಿಜಕ್ಕೂ ಎಣಿಕೆಯ ತಪ್ಪೇ ಇರಬಹುದಲ್ವಾ?

ಇದನ್ನು ಕೇಳುವವರು ಕೆಟ್ಟ ಮನಸ್ಸಿನಿಂದ ಕೇಳುವುದಿಲ್ಲ. ಹಾಗಾಗಿ ಸಮಾಧಾನವಾಗಿ ಹೇಳುತ್ತೇನೆ.

ಆಗ ಸುತ್ತು ಎಣಿಸಲು ಕಂಪ್ಯೂಟರ್ ಇರಲಿಲ್ಲ. ಜನ ಕೂತು ಕಾಗದದ ಮೇಲೆ ಬರೆದುಕೊಳ್ಳುತ್ತಿದ್ದರು. ಧೂಳಿನಲ್ಲಿ ತಪ್ಪಾಗುತ್ತಿತ್ತು. 1959ರಲ್ಲಿ ನಡೆದ ಮೊಟ್ಟಮೊದಲ ಡೇಟೋನಾ 500 ರೇಸಿನಲ್ಲಿ ಜಾನಿ ಬೋಶಾಂಪ್ ಗೆದ್ದರು ಅಂದರು. ಮೂರು ದಿನ ಫೋಟೋ, ಫಿಲ್ಮ್ ಎಲ್ಲ ನೋಡಿ, ಗೆದ್ದದ್ದು ಲೀ ಪೆಟ್ಟಿ ಅಂತ ತಿದ್ದಿದರು. ಅದೇ ವರ್ಷ ಅಟ್ಲಾಂಟಾದ ಲೇಕ್‌ವುಡ್ ಟ್ರ್ಯಾಕಿನಲ್ಲಿ ಮಗ ರಿಚರ್ಡ್ ಗೆದ್ದ ಅಂತ ಬಾವುಟ ಬೀಸಿದಾಗ, ಅಪ್ಪ ಲೀ ಪೆಟ್ಟಿ ತಕರಾರು ತೆಗೆದು ಲೆಕ್ಕ ಮತ್ತೆ ಹಾಕಿಸಿ ತಾನೇ ಗೆದ್ದರು. ಹಾಗಾಗಿ ತಪ್ಪು ಆಗುತ್ತಲೇ ಇರಲಿಲ್ಲ ಅಂತ ನಾನು ಹೇಳುವುದಿಲ್ಲ.

ಆದರೆ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಡೇಟೋನಾದಲ್ಲಿ ಲೀ ಪೆಟ್ಟಿ ಮತ್ತು ಬೋಶಾಂಪ್ ಅಕ್ಕಪಕ್ಕ ಗೆರೆ ದಾಟಿದ್ದರು. ಕಣ್ಣಿಗೆ ಗೊತ್ತಾಗದಷ್ಟು ಹತ್ತಿರ. ಜ್ಯಾಕ್ಸನ್‌ವಿಲ್‌ನಲ್ಲಿ ಅಂತರ ಎರಡು ಪೂರ್ತಿ ಸುತ್ತು. ಡೇಟೋನಾದ ತಿದ್ದುಪಡಿಯನ್ನು ಇಡೀ ದೇಶಕ್ಕೆ ಹೇಳಿದರು. ಜ್ಯಾಕ್ಸನ್‌ವಿಲ್‌ನದ್ದನ್ನು ಖಾಲಿ ಮೈದಾನದಲ್ಲಿ ಹೇಳಿದರು. ಗೆದ್ದವರಿಗೆ ಬಿಳಿ ಸುಂದರಿಯೊಬ್ಬಳು ಮುತ್ತು ಕೊಡುವ ಪದ್ಧತಿ ಇತ್ತು, ಕಪ್ಪು ಮನುಷ್ಯನಿಗೆ ಆಕೆ ಮುತ್ತು ಕೊಡುವುದನ್ನು ಜನರ ಎದುರು ತೋರಿಸಲು ಅವರು ಹೆದರಿದರು ಅನ್ನುವುದು ಸ್ಕಾಟ್ ಅವರ ನಂಬಿಕೆ. ನನಗೂ ಅವರ ಮಾತೇ ಸರಿ ಅನಿಸುತ್ತದೆ.

ಟ್ರೋಫಿ ಕೊನೆಗೂ ಸಿಕ್ಕಿತಾ?

ಅವರು ಬದುಕಿರುವಾಗ ಅಗ್ಗದ ಒಂದು ಮರದ ಟ್ರೋಫಿ ಬಿಟ್ಟರೆ ಬೇರೇನೂ ಸಿಗಲಿಲ್ಲ. 2010ರಲ್ಲಿ ಜ್ಯಾಕ್ಸನ್‌ವಿಲ್‌ನ ರೇಸ್ ಪ್ರಿಯರು ಮೂಲದಂತೆಯೇ ಒಂದು ಮಾಡಿಸಿ ಮನೆಯವರಿಗೆ ಕೊಟ್ಟರು. ನಾಸ್ಕಾರ್ ಕೊಟ್ಟದ್ದು 2021ರ ಆಗಸ್ಟ್‌ನಲ್ಲಿ, ಡೇಟೋನಾ ಟ್ರ್ಯಾಕಿನಲ್ಲಿ. ಸ್ಕಾಟ್ ಹುಟ್ಟಿ ನೂರು ವರ್ಷ ತುಂಬುವ ಹಿಂದಿನ ದಿನ. ಗೆದ್ದು 57 ವರ್ಷ ಆಗಿತ್ತು.

ಇಷ್ಟಾದರೂ ಒಂದೇ ಗೆಲುವು. ಅಷ್ಟು ಒಳ್ಳೆಯ ಚಾಲಕರಾ?

ಹೌದು. ಬರೀ ಗೆಲುವನ್ನು ಎಣಿಸಿದರೆ ಇದು ಕಾಣುವುದಿಲ್ಲ.

495 ರೇಸುಗಳಲ್ಲಿ 147 ಸಲ ಮೊದಲ ಹತ್ತರೊಳಗೆ ಬಂದಿದ್ದಾರೆ, 20 ಸಲ ಮೊದಲ ಐದರೊಳಗೆ. ಇಡೀ ಸೀಸನ್ನಿನ ಅಂಕಗಳ ಪಟ್ಟಿಯಲ್ಲಿ 1966ರಲ್ಲಿ ಆರನೆಯವರು. 1967ರಲ್ಲಿ ಹತ್ತನೆಯವರು. 1968 ಮತ್ತು 1969ರಲ್ಲಿ ಒಂಬತ್ತನೆಯವರು. ಎದುರಿಗಿದ್ದವರು ಯಾರು? ಕಾರ್ ಕಂಪನಿಗಳ ದುಡ್ಡು, ಹೊಸ ಎಂಜಿನ್, ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ಮೆಕ್ಯಾನಿಕ್ ಇದ್ದ ತಂಡಗಳು. ಇವರ ಹತ್ತಿರ ಇದ್ದದ್ದು ಬೇರೆಯವರು ಓಡಿಸಿ ಬಿಟ್ಟ ಕಾರು, ಬೇರೆಯವರು ತೆಗೆದು ಹಾಕಿದ ಟೈರು.

ಗಮನಿಸಬೇಕಾದ್ದು ಇನ್ನೊಂದಿದೆ. ಹಳೆಯ ಎಂಜಿನ್ ಇಟ್ಟುಕೊಂಡು ರೇಸಿನ ಉದ್ದಕ್ಕೂ ಮುನ್ನುಗ್ಗಿ ಓಡಿಸಲು ಆಗುವುದಿಲ್ಲ. ಎಂಜಿನ್ ಒಡೆದರೆ ಮುಂದಿನ ವಾರ ರೇಸೇ ಇಲ್ಲ, ಮನೆಗೆ ದುಡ್ಡೂ ಇಲ್ಲ. ಎಂಟನೆಯವರಾಗಿ ಮುಗಿಸಿದರೂ ಕೈಗೆ ಒಂದಿಷ್ಟು ಬರುತ್ತದೆ, ಕಾರೂ ಉಳಿಯುತ್ತದೆ. ಸ್ಕಾಟ್ ಪ್ರತಿ ರೇಸಿನಲ್ಲೂ ಈ ಲೆಕ್ಕ ಹಾಕಿಕೊಂಡೇ ಓಡಿಸಿದರು. ಗೆಲ್ಲುವ ಆಸೆಯನ್ನು ತಡೆಹಿಡಿದು ಓಡಿಸುವುದು ಗೆಲ್ಲುವುದಕ್ಕಿಂತ ಕಷ್ಟ ಅಂತ ನನ್ನ ಅಭಿಪ್ರಾಯ.

ಕಾರಿನ ಮೇಲೆ ಏನೋ ಬರೆಸಿದ್ದರಂತೆ?

ರೇಸ್ ಕಾರಿನ ಮೇಲೆ ಮೆಕ್ಯಾನಿಕ್ ಹೆಸರು ಬರೆಸುವ ರೂಢಿ ಇತ್ತು. ಸ್ಕಾಟ್ ತಮ್ಮ ಕಾರಿನ ಮೇಲೆ "ಮೆಕ್ಯಾನಿಕ್: ನಾನೇ" ಅಂತ ಬರೆಸಿದ್ದರು. ಅವರ ಬಗ್ಗೆ ನೂರು ಪುಟ ಓದುವುದಕ್ಕಿಂತ ಈ ಎರಡು ಪದ ಜಾಸ್ತಿ ಹೇಳುತ್ತವೆ.

ಮನೆಯವರು ಜೊತೆಗಿದ್ದರಾ?

ಅವರ ತಂಡ ಅಂದರೆ ಮನೆಯವರೇ. ಗಂಡು ಮಕ್ಕಳು ಚಿಕ್ಕ ವಯಸ್ಸಿನಲ್ಲೇ ಪಿಟ್‌ನಲ್ಲಿ, ಅಂದರೆ ರೇಸಿನ ನಡುವೆ ಕಾರು ನಿಲ್ಲಿಸುವ ಜಾಗದಲ್ಲಿ, ಟೈರು ಬಿಚ್ಚುವುದು, ಪೆಟ್ರೋಲ್ ಹಾಕುವುದು ಕಲಿತರು. ಶಾಲೆ ಮುಗಿಸಿ ಬಂದವರು ಗ್ಯಾರೇಜಿಗೆ, ಶುಕ್ರವಾರ ಸಂಜೆ ಗಾಡಿ ಹತ್ತಿ ರೇಸಿಗೆ. ಹೆಣ್ಣು ಮಕ್ಕಳೂ ಎಷ್ಟೋ ರೇಸಿಗೆ ಜೊತೆಯಲ್ಲಿ ಹೋಗುತ್ತಿದ್ದರು. ಮೇರಿ ಅವರು ಬುತ್ತಿ ಕಟ್ಟಿದರು, ಮನೆ ನಡೆಸಿದರು, ಈ ವಾರ ಕಾರಿನ ಬಿಡಿಭಾಗಕ್ಕೆ ದುಡ್ಡೋ ಮನೆಯ ಸಾಮಾನಿಗೋ ಅನ್ನುವ ಪ್ರಶ್ನೆಯನ್ನು ವರ್ಷಗಟ್ಟಲೆ ನಿಭಾಯಿಸಿದರು. ಹೀಗೆ ಬೆಳೆದ ಮಕ್ಕಳು ಕಾಲೇಜು ಓದಿ ಮುಂದೆ ಬಂದರು. ರೇಸಿನ ದುಡ್ಡಿನಲ್ಲಿ ಅವರನ್ನು ಓದಿಸಿದ್ದು ಸ್ಕಾಟ್ ಅವರಿಗೆ ದೊಡ್ಡ ಹೆಮ್ಮೆ.

ಬಿಳಿ ಚಾಲಕರೆಲ್ಲ ಅವರಿಗೆ ವಿರೋಧಿಗಳಾಗಿದ್ದರಾ?

ಎಲ್ಲರೂ ಅಲ್ಲ. ಮೊದಲು ಗುದ್ದುತ್ತಿದ್ದ ಕೆಲವರು ಆಮೇಲೆ ಗೌರವ ಕೊಡಲು ಶುರು ಮಾಡಿದರು. ಈ ಮನುಷ್ಯ ಬಿಟ್ಟು ಹೋಗುವವನಲ್ಲ ಅಂತ ಗೊತ್ತಾಯಿತು. ನೆಡ್ ಜ್ಯಾರೆಟ್ ಸ್ನೇಹಿತರಾಗಿದ್ದರು. ಟೈರು, ಬಿಡಿಭಾಗ ಕೊಟ್ಟು ನೆರವಾದವರೂ ಇದ್ದರು. ಪ್ರೇಕ್ಷಕರಲ್ಲೂ ಸ್ಕಾಟ್ ಪರ ಕೂಗುವ ಬಿಳಿಯರು ನಿಧಾನಕ್ಕೆ ಹೆಚ್ಚಿದರು. ಗ್ಯಾರೇಜಿನಲ್ಲಿ ಕೈಗೆ ಗ್ರೀಸ್ ಮೆತ್ತಿಕೊಂಡು ದುಡಿಯುವವರಿಗೆ ಅಂಥದ್ದೇ ಕೈಯವರ ಮೇಲೆ ಒಂದು ಪ್ರೀತಿ ಹುಟ್ಟಿದ್ದು ಸಹಜ. ಆದರೆ ದೊಡ್ಡ ಸ್ಪಾನ್ಸರ್ ಮಾತ್ರ ಕೊನೆಯವರೆಗೂ ಬರಲಿಲ್ಲ. ಸ್ನೇಹದಿಂದ ಎಂಜಿನ್ ಓಡುವುದಿಲ್ಲವಲ್ಲ.

ರೇಸ್ ಬಿಟ್ಟದ್ದು ಯಾಕೆ?

1973ರ ಮೇ 6, ಅಲಬಾಮಾದ ಟಲಡೇಗಾ. ಅದು ನಾಸ್ಕಾರ್‌ನ ಅತಿ ವೇಗದ ಟ್ರ್ಯಾಕ್. ಸ್ಕಾಟ್ ಅವರಿಗೆ ಆಗ 51 ವರ್ಷ. ಒಂದು ಸಲವಾದರೂ ಒಳ್ಳೆಯ ಕಾರಿನಲ್ಲಿ ಓಡಿಸಬೇಕು ಅಂತ ಸಾಲ ಮಾಡಿ ಒಂದು ಮರ್ಕ್ಯುರಿ ಕಾರು ತಂದಿದ್ದರು. ರೇಸ್ ಶುರುವಾಗಿ ಸ್ವಲ್ಪ ಹೊತ್ತಿಗೇ ಸುಮಾರು 20 ಕಾರುಗಳು ಒಂದಕ್ಕೊಂದು ಡಿಕ್ಕಿ ಹೊಡೆದವು. ಸ್ಕಾಟ್ ಅದರ ನಡುವೆ ಸಿಕ್ಕಿಕೊಂಡರು. ಸೊಂಟದ ಮೂಳೆ, ಪಕ್ಕೆಲುಬು, ಕಾಲು ಮುರಿಯಿತು. ಕಾರು ಮುದ್ದೆಯಾಯಿತು. ಸಾಲ ಉಳಿಯಿತು.

ಅದೇ ವರ್ಷ ಅಕ್ಟೋಬರ್‌ನಲ್ಲಿ ಷಾರ್ಲೆಟ್‌ನಲ್ಲಿ ಇನ್ನೊಂದೇ ಒಂದು ದೊಡ್ಡ ರೇಸ್ ಓಡಿಸಿದರು. ಹನ್ನೆರಡನೆಯವರಾಗಿ ಮುಗಿಸಿದರು. ಆ ಮೈಯಲ್ಲಿ ಐನೂರು ಮೈಲಿಯ ರೇಸಿಗೆ ಕೂತು, ಕೊನೆಯವರೆಗೂ ಓಡಿಸಿ, ಹನ್ನೆರಡನೆಯವರು! ನನಗೆ ಜ್ಯಾಕ್ಸನ್‌ವಿಲ್ ಗೆಲುವಿನಷ್ಟೇ ಇದೂ ದೊಡ್ಡದು.

ಆಮೇಲೆ?

ಡ್ಯಾನ್‌ವಿಲ್‌ನ ಗ್ಯಾರೇಜಿಗೆ ಮರಳಿದರು. 1977ರಲ್ಲಿ ಅವರ ಬದುಕಿನ ಮೇಲೆ ಹಾಲಿವುಡ್ ಸಿನಿಮಾ ಬಂತು, ನಟ ರಿಚರ್ಡ್ ಪ್ರಯರ್ ಸ್ಕಾಟ್ ಪಾತ್ರ ಮಾಡಿದರು. ಅದರಿಂದ ಹೆಸರು ಬಂತು, ಹಣ ಬರಲಿಲ್ಲ. ಬೆನ್ನುಮೂಳೆಯ ಕ್ಯಾನ್ಸರ್‌ನಿಂದ 1990ರ ಡಿಸೆಂಬರ್ 23ರಂದು ತೀರಿಕೊಂಡರು. 69 ವರ್ಷ.

ನಾಸ್ಕಾರ್‌ನಲ್ಲಿ ಓಡಿದ ಮೊದಲ ಕಪ್ಪು ಚಾಲಕ ಇವರೇನಾ?

ಇದನ್ನು ಬಹಳ ಜನ ತಪ್ಪಾಗಿ ಬರೆಯುತ್ತಾರೆ. ಮೇಲಿನ ಹಂತದಲ್ಲಿ 1955ರಲ್ಲೇ ಎಲಿಯಾಸ್ ಬೋವಿ ಕ್ಯಾಲಿಫೋರ್ನಿಯಾದಲ್ಲಿ ಒಂದು ರೇಸ್ ಓಡಿಸಿದ್ದರು. 1956ರಲ್ಲಿ ಚಾರ್ಲಿ ಸ್ಕಾಟ್ ಡೇಟೋನಾ ಬೀಚ್‌ನಲ್ಲಿ ಓಡಿಸಿದ್ದರು. ಇವರು ವೆಂಡೆಲ್ ಅವರ ನೆಂಟರಲ್ಲ, ಹೆಸರು ಮಾತ್ರ ಒಂದೇ. ಇನ್ನೂ ಹಿಂದೆ, 1920ರ ದಶಕದಲ್ಲಿ, ಇಂಡಿಯಾನಾಪೊಲಿಸ್‌ನ ಮೆಕ್ಯಾನಿಕ್ ಚಾರ್ಲಿ ವಿಗಿನ್ಸ್ ಕಪ್ಪು ಚಾಲಕರದ್ದೇ ಆದ ರೇಸುಗಳಲ್ಲಿ ಹೆಸರು ಮಾಡಿದ್ದರು. ಅವರನ್ನು ಅದೇ ಊರಿನ ದೊಡ್ಡ ರೇಸ್ ಇಂಡಿ 500ಕ್ಕೆ ಸೇರಿಸಲಿಲ್ಲ. ಇಂಡಿ 500ರಲ್ಲಿ ಮೊದಲ ಕಪ್ಪು ಚಾಲಕ ಓಡಿದ್ದು 1991ರಲ್ಲಿ, ವಿಲ್ಲಿ ಟಿ. ರಿಬ್ಸ್. ವೆಂಡೆಲ್ ಸ್ಕಾಟ್ ನಾಸ್ಕಾರ್‌ನ ಮೇಲಿನ ಹಂತದಲ್ಲಿ ವರ್ಷಗಟ್ಟಲೆ ನಿಂತು ಓಡಿದ ಮೊದಲಿಗರು, ಗೆದ್ದ ಮೊದಲಿಗರು.

ಅವರ ನಂತರ ಮತ್ತೆ ಯಾರು ಗೆದ್ದರು?

ಬಬ್ಬಾ ವಾಲೇಸ್. 2013ರಲ್ಲಿ ಮಾರ್ಟಿನ್ಸ್‌ವಿಲ್ ಟ್ರ್ಯಾಕಿನಲ್ಲಿ ನಾಸ್ಕಾರ್‌ನ ಕೆಳಗಿನ ಹಂತವಾದ ಟ್ರಕ್ ಸೀರೀಸ್ ರೇಸ್ ಗೆದ್ದರು. ಅದು ಡ್ಯಾನ್‌ವಿಲ್‌ಗೆ ಹತ್ತಿರವೇ. ಮರುವರ್ಷ ಅದೇ ಜಾಗದಲ್ಲಿ ಸ್ಕಾಟ್ ನೆನಪಿಗೆ 34ನೇ ನಂಬರ್ ಹಾಕಿಕೊಂಡು ಓಡಿಸಿ ಮತ್ತೆ ಗೆದ್ದರು. ಕಪ್ ಸೀರೀಸ್‌ನಲ್ಲಿ ಅವರ ಮೊದಲ ಗೆಲುವು 2021ರ ಅಕ್ಟೋಬರ್ 4ರಂದು ಬಂತು. ಎಲ್ಲಿ ಗೊತ್ತಾ? ಸ್ಕಾಟ್ ಮೂಳೆ ಮುರಿದುಕೊಂಡ ಅದೇ ಟಲಡೇಗಾದಲ್ಲಿ. ಜ್ಯಾಕ್ಸನ್‌ವಿಲ್‌ನಿಂದ ಅಲ್ಲಿಗೆ ಹತ್ತಿರ ಹತ್ತಿರ 58 ವರ್ಷ. ಅದಕ್ಕೂ ಒಂದು ವರ್ಷ ಮೊದಲು, 2020ರ ಜೂನ್‌ನಲ್ಲಿ, ಗುಲಾಮಗಿರಿಯ ಪರವಾಗಿ ನಿಂತಿದ್ದ ದಕ್ಷಿಣದ ರಾಜ್ಯಗಳ ಹಳೆಯ ಬಾವುಟವನ್ನು ನಾಸ್ಕಾರ್ ತನ್ನ ಟ್ರ್ಯಾಕುಗಳಲ್ಲಿ ನಿಷೇಧಿಸಿತ್ತು. ಸ್ಕಾಟ್ ಓಡಿಸಿದ ಅಷ್ಟೂ ವರ್ಷ ಆ ಬಾವುಟ ಅವರ ಕಣ್ಣಿಗೆ ಬೀಳುತ್ತಲೇ ಇತ್ತು.

ಡ್ಯಾನ್‌ವಿಲ್‌ನಲ್ಲಿ ಅವರ ನೆನಪಿಗೆ ಏನಿದೆ?

ಷಾರ್ಲೆಟ್‌ನಲ್ಲಿರುವ ನಾಸ್ಕಾರ್ ಹಾಲ್ ಆಫ್ ಫೇಮ್‌ಗೆ ಅವರನ್ನು 2015ರಲ್ಲಿ ಸೇರಿಸಿದರು. ಅಲ್ಲಿಗೆ ಸೇರಿದ ಮೊದಲ ಕಪ್ಪು ಚಾಲಕ ಅವರು. ಊರಿನಲ್ಲಿ ವರ್ಜೀನಿಯಾ ಸರ್ಕಾರ 2013ರಲ್ಲಿ ನೆಟ್ಟ ಒಂದು ಸ್ಮಾರಕ ಫಲಕ ಇದೆ. ಮೊಮ್ಮಗ ನಡೆಸುವ ಅವರ ಹೆಸರಿನ ಫೌಂಡೇಶನ್ ಮಕ್ಕಳ ಓದಿಗೆ ಕೆಲಸ ಮಾಡುತ್ತಿದೆ. ಒಂದು ರಸ್ತೆಗೂ ಅವರ ಹೆಸರಿದೆ, ವೆಂಡೆಲ್ ಸ್ಕಾಟ್ ಡ್ರೈವ್. ಒಂದು ಕಾಲದಲ್ಲಿ ಅವರ ಕಾರನ್ನು ಪೊಲೀಸರು ರಾತ್ರಿ ಹೊತ್ತು ಬೆನ್ನಟ್ಟುತ್ತಿದ್ದದ್ದು ಇದೇ ಊರಿನಲ್ಲಿ.